ಶೀತದ ಕಾಲಕ್ಕೆ ಕಷಾಯದ ಪುಡಿ: ಕಹಿಯಾಗದಂತೆ, ಬೂಷ್ಟು ಹಿಡಿಯದಂತೆ, ಹಾಲು ಒಡೆಯದಂತೆ

ಮಳೆ ಹಿಡಿದ ವಾರದೊಳಗೆ ದೂರುಗಳು ಶುರುವಾಗುತ್ತವೆ. "ಪುಡಿ ಮಾಡಿದೆ, ಬಾಯಿಗಿಡಲಾಗದಷ್ಟು ಕಹಿ." "ಹಾಲು ಹಾಕಿದ ಕೂಡಲೇ ಒಡೆದು ಹೋಯಿತು." "ತಿಂಗಳಾಗುವಷ್ಟರಲ್ಲಿ ಡಬ್ಬಿಯಲ್ಲಿ ಗಂಟು ಕಟ್ಟಿ ಮುಗ್ಗಲು ವಾಸನೆ." ಡಿಸೆಂಬರಿನ ಚಳಿ ಬಂದಾಗ ಇವೇ ಮೂರು ಮತ್ತೆ ಬರುತ್ತವೆ. ಇವರಲ್ಲಿ ಯಾರೂ ಸಾಮಗ್ರಿಯಲ್ಲಿ ತಪ್ಪಿರುವುದಿಲ್ಲ. ಸಾಮಗ್ರಿಯ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇದೆ. ಯಾವುದಾದ ಮೇಲೆ ಯಾವುದು, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಕ್ರಮದ ಬಗ್ಗೆಯೇ.

ಒಲೆ ಹಚ್ಚುವ ಮೊದಲು ಒಂದು ಮಾತು. ನೆಗಡಿಗೆ ಕಾರಣ ವೈರಸ್; ಅಂಥವು 200ಕ್ಕೂ ಹೆಚ್ಚಿವೆ. ಒಂದು ಲೋಟ ಕಷಾಯ ಅವುಗಳನ್ನು ಕೊಲ್ಲುವುದಿಲ್ಲ. ರೋಗನಿರೋಧಕ ಶಕ್ತಿಯೂ ಪಾತ್ರೆಗೆ ನೀರು ತುಂಬಿಸಿದಂತೆ ತುಂಬಿಸಿಕೊಳ್ಳುವ ವಸ್ತುವಲ್ಲ. ಬಿಸಿ ಕಷಾಯ ಗಂಟಲಿಗೆ ಹಿತ, ಕಟ್ಟಿದ ಮೂಗಿಗೆ ಸ್ವಲ್ಪ ಸಡಿಲ, ಹೊಟ್ಟೆಗೆ ನೀರಿನಂಶ, ದಿನಕ್ಕೆರಡು ಕಾಫಿಯ ಬದಲು ಒಂದು ಒಳ್ಳೆಯ ಪಾನೀಯ. ಇಷ್ಟನ್ನು ಅದು ಚೆನ್ನಾಗಿ ಮಾಡುತ್ತದೆ. ಇದಕ್ಕಿಂತ ಹೆಚ್ಚು ನಿರೀಕ್ಷಿಸಿದವರೇ ಪುಡಿಯನ್ನು ಎರಡರಷ್ಟು ಹಾಕಿ, ದಿನಕ್ಕೆ ಐದು ಬಾರಿ ಕುಡಿದು, ಹೊಟ್ಟೆ ಉರಿ ತಂದುಕೊಳ್ಳುವವರು.

## ಬೇಕಾದ ಸಲಕರಣೆ

ದಪ್ಪ ತಳದ ಬಾಣಲೆ, ಮರದ ಸೌಟು, ಹರಡಿ ಆರಿಸಲು ಅಗಲವಾದ ತಟ್ಟೆ ಅಥವಾ ಮೊರ, ಒಣಶುಂಠಿ ಜಜ್ಜಲು ಕುಟ್ಟಾಣಿ, ಮಿಕ್ಸಿಯ ಸಣ್ಣ ಜಾರು, ಸಣ್ಣ ಕಣ್ಣಿನ ಜರಡಿ, ಬಿಗಿ ಮುಚ್ಚಳದ ಎರಡು ಗಾಜಿನ ಬಾಟಲಿಗಳು. ಎರಡು ಏಕೆ ಎಂದು ಮುಂದೆ ಹೇಳುತ್ತೇನೆ. ತೆಳು ತಳದ ಬಾಣಲೆಯಲ್ಲಿ ಮಾತ್ರ ಹುರಿಯಲು ಹೋಗಬೇಡಿ. ಕೊತ್ತಂಬರಿಯ ಒಂದು ಮಗ್ಗುಲು ಸೀಯುವಾಗ ಇನ್ನೊಂದು ಮಗ್ಗುಲು ಹಸಿಯಾಗಿಯೇ ಇರುತ್ತದೆ.

ಅಡಿಗೆಮನೆಯಲ್ಲಿ ತೂಕದ ಯಂತ್ರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗಡಿಯಲ್ಲೇ ಆಯಾ ತೂಕಕ್ಕೆ ಕಟ್ಟಿಸಿಕೊಂಡು ಬನ್ನಿ.

## ಹಂತ 1: ಸಾಮಗ್ರಿ ಕೊಳ್ಳುವುದು, ಪರೀಕ್ಷಿಸುವುದು

ನಾಲ್ಕು ಜನರ ಮನೆಗೆ, ದಿನಕ್ಕೆ ತಲಾ ಒಂದು ಲೋಟದಂತೆ, ಸುಮಾರು ಮೂರು ವಾರಕ್ಕೆ ಬರುವ ಅಳತೆ ಇದು:

- ಕೊತ್ತಂಬರಿ ಬೀಜ 100 ಗ್ರಾಂ
- ಜೀರಿಗೆ 50 ಗ್ರಾಂ
- ಬಡೆಸೋಂಪು 25 ಗ್ರಾಂ
- ಕಾಳುಮೆಣಸು 15 ಗ್ರಾಂ
- ಒಣಶುಂಠಿ 15 ಗ್ರಾಂ
- ಮೆಂತ್ಯ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ
- ಏಲಕ್ಕಿ 8ರಿಂದ 10
- ಅರಿಶಿನ ಪುಡಿ ಒಂದು ಸಣ್ಣ ಚಮಚ

ಹಿಪ್ಪಲಿ, ಜಾಯಿಕಾಯಿ, ಲವಂಗ, ಜೇಷ್ಠಮಧು ಇವೆಲ್ಲ ಮನೆಯಿಂದ ಮನೆಗೆ ಬದಲಾಗುತ್ತವೆ. ಮೊದಲ ಸಲ ಮಾಡುವವರು ಇವನ್ನು ಬಿಟ್ಟುಬಿಡಿ. ಎಂಟು ಸಾಮಗ್ರಿಯ ಪುಡಿ ಕೆಟ್ಟರೆ ತಪ್ಪು ಎಲ್ಲಿ ಎಂದು ಹುಡುಕಬಹುದು. ಹದಿನೈದು ಸಾಮಗ್ರಿಯದು ಕೆಟ್ಟರೆ ಹುಡುಕಲಾಗದು.

ಕಾಳುಮೆಣಸಿನಲ್ಲಿ ಒಣಗಿದ ಪರಂಗಿ ಬೀಜ ಬೆರೆಸುವುದು ಹಳೆಯ ಮೋಸ. ಒಂದು ಚಮಚ ಕಾಳನ್ನು ನೀರಿನ ಲೋಟಕ್ಕೆ ಹಾಕಿ. ಒಳ್ಳೆಯ ಕಾಳು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ. ಜೊಳ್ಳು ಕಾಳೂ ತೇಲುವುದುಂಟು, ಆದ್ದರಿಂದ ತೇಲಿದ್ದನ್ನು ಬೆರಳಲ್ಲಿ ಒತ್ತಿ ನೋಡಿ: ಪರಂಗಿ ಬೀಜ ಮೊಟ್ಟೆಯಾಕಾರದಲ್ಲಿ ಇರುತ್ತದೆ, ಮೆಣಸಿನ ಘಾಟು ಇರುವುದಿಲ್ಲ. ಪರೀಕ್ಷೆಗೆ ನೀರಿಗೆ ಹಾಕಿದ ಕಾಳನ್ನು ಮರಳಿ ಪುಡಿಗೆ ಸೇರಿಸಬೇಡಿ. ಅಂದಿನ ಸಾರಿಗೆ ಹಾಕಿ ಮುಗಿಸಿ.

ಅರಿಶಿನವನ್ನು ಕೊಂಬಾಗಿ ಕೊಂಡು ಪುಡಿ ಮಾಡಿಸಿಕೊಳ್ಳುವುದು ಮೇಲು. ಪುಡಿಯೇ ಆದರೆ ಒಂದು ಲೋಟ ನೀರಿಗೆ ಚಿಟಿಕೆ ಹಾಕಿ ಅಲುಗಿಸದೆ ಬಿಡಿ. ಒಳ್ಳೆಯದು ತಳಕ್ಕೆ ಕೂತು ನೀರು ತಿಳಿಹಳದಿಯಾಗುತ್ತದೆ. ನೀರೆಲ್ಲ ಗಾಢ ಹಳದಿಗೆ ತಿರುಗಿದರೆ ಬಣ್ಣ ಬೆರೆತಿರುವ ಅನುಮಾನ ಪಡಿ.

ಅರಿಶಿನಕ್ಕೂ ಕಾಳುಮೆಣಸಿಗೂ ಜೋಡಿ ಏಕೆ ಎಂದು ಕೇಳುವವರಿಗೆ: ಅರಿಶಿನದ ಕರ್ಕ್ಯುಮಿನ್ ಅಂಶವನ್ನು ನಮ್ಮ ದೇಹ ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಮೆಣಸಿನ ಪೈಪರೀನ್ ಜೊತೆಗಿದ್ದರೆ ಹೀರಿಕೆ ಹಲವು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆದರೆ ಅವರು ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ನಮ್ಮ ಅಡಿಗೆಯ ಅರಿಶಿನದಲ್ಲಿ ಅದು ನೂರಕ್ಕೆ ಮೂರರಷ್ಟು ಮಾತ್ರ. ಆ ಲೆಕ್ಕ ಹಿಡಿದು ಕಷಾಯಕ್ಕೆ ಅರಿಶಿನ ಸುರಿಯಲು ಹೋದರೆ ಸಿಗುವುದು ಹಳದಿ ಲೋಟ ಮತ್ತು ಮಣ್ಣಿನ ರುಚಿ.

## ಹಂತ 2: ಆರಿಸಿ ಒಣಗಿಸುವುದು

ಎಲ್ಲವನ್ನೂ ಬೇರೆಬೇರೆಯಾಗಿ ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ. ಕೊತ್ತಂಬರಿಯಲ್ಲಿ ತೊಟ್ಟು, ಜೀರಿಗೆಯಲ್ಲಿ ಮಣ್ಣು ಇದ್ದೇ ಇರುತ್ತವೆ. ತೊಳೆಯಬೇಡಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಎರಡು ದಿನ ಬಿರುಬಿಸಿಲು ಇರುವ ಕಾಲದಲ್ಲಿ ಮಾತ್ರ ತೊಳೆಯಿರಿ.

ತೊಳೆಯದಿದ್ದರೂ ಅರ್ಧ ದಿನದ ಬಿಸಿಲು ಬೇಕು. ಮಳೆಗಾಲಕ್ಕೆಂದು ಮಾಡುವ ಪುಡಿಯನ್ನು ಮೇ ತಿಂಗಳಲ್ಲೇ ಮಾಡಿಡುವ ಹಿರಿಯರ ಪದ್ಧತಿ ಇದಕ್ಕಾಗಿ. ಆರಿದ್ರಾ ಮಳೆ ಶುರುವಾದ ಮೇಲೆ ನೆನಪಾದರೆ, ಸಾಮಗ್ರಿಯನ್ನು ಅತಿ ಸಣ್ಣ ಉರಿಯ ಬಾಣಲೆಯಲ್ಲಿ ಬರೀ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ಹುರಿಯಲು ತೆಗೆದುಕೊಳ್ಳಿ.

ಒಣಶುಂಠಿಯನ್ನು ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡು ಹೋಗುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿ ಅವರೆಕಾಳಿನಷ್ಟು ಚೂರು ಮಾಡಿ. ಮುರಿದಾಗ ಟಕ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ಹಸಿ ಇದೆ ಎಂದು ಅರ್ಥ. ಒಳಗೆ ಕಪ್ಪು ಅಥವಾ ಹಸಿರು ಚುಕ್ಕೆ ಕಂಡರೆ ಆ ತುಂಡನ್ನು ಎಸೆಯಿರಿ, ಕೆತ್ತಿ ಉಳಿಸಿಕೊಳ್ಳಬೇಡಿ.

## ಹಂತ 3: ಹುರಿಯುವುದು, ಒಂದಾದ ಮೇಲೊಂದು

ಕಹಿ ಹುಟ್ಟುವುದು ಇಲ್ಲಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದವರ ಪುಡಿಯಲ್ಲಿ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿರುತ್ತದೆ, ಜೀರಿಗೆ ಸೀದಿರುತ್ತದೆ. ಒಂದು ಚಮಚ ಸೀದ ಮೆಂತ್ಯಕ್ಕೆ ಕಾಲು ಕಿಲೋ ಪುಡಿಯನ್ನು ಹಾಳು ಮಾಡುವ ಶಕ್ತಿ ಇದೆ.

ಉರಿ ಕೊನೆಯವರೆಗೂ ಸಣ್ಣದು. ಎಣ್ಣೆ, ತುಪ್ಪ ಬೇಡ.

ಮೊದಲು ಕೊತ್ತಂಬರಿ. ಐದಾರು ನಿಮಿಷ ಕೈಬಿಡದೆ ಆಡಿಸಿ. ಮೊದಲೆರಡು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ, ಉರಿ ದೊಡ್ಡದು ಮಾಡುವ ಆಸೆಯಾಗುತ್ತದೆ. ತಾಳಿ. ಸೌಟು ಆಡಿಸುವಾಗ ಬರುವ ಸದ್ದು ಬದಲಾಗುತ್ತದೆ. ಮೊದಲು ಮೆತ್ತಗೆ ಸರಸರ ಎನ್ನುತ್ತಿದ್ದದ್ದು ಮರಳಿನಂತೆ ಗರಗರ ಎನ್ನತೊಡಗುತ್ತದೆ. ಹಸಿರು ಛಾಯೆ ಹೋಗಿ ತಿಳಿ ಕಂದು ಬರುತ್ತದೆ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಪುಡಿಯಾಗಿ ಒಡೆಯಬೇಕು, ನಾರಾಗಬಾರದು. ಅಷ್ಟಾದ ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಬಿಸಿಗೆ ಇನ್ನೆರಡು ನಿಮಿಷ ಹುರಿಯುತ್ತಲೇ ಇರುತ್ತದೆ.

ನಂತರ ಜೀರಿಗೆ, ಎರಡು ನಿಮಿಷ. ಘಮ ಮೂಗಿಗೆ ಬಡಿದದ್ದೇ ತೆಗೆಯಿರಿ. ಬಣ್ಣ ಗಾಢವಾಗುವವರೆಗೆ ಕಾಯಬೇಡಿ. ಬಡೆಸೋಂಪಿಗೆ ಒಂದೂವರೆ ನಿಮಿಷ ಸಾಕು. ಕಾಳುಮೆಣಸನ್ನು ಒಂದೆರಡು ಕಾಳು ಚಟ್ ಎಂದು ಸಿಡಿಯುವವರೆಗೆ. ಜಜ್ಜಿದ ಶುಂಠಿಗೆ ಬರೀ ಬೆಚ್ಚಗಾಗುವಷ್ಟು.

ಮೆಂತ್ಯ ಕೊನೆಗೆ, ಒಂಟಿಯಾಗಿ. ಹೊಂಬಣ್ಣದಿಂದ ಕೆಂಪಿಗೆ ತಿರುಗುವುದಕ್ಕೂ ಕಪ್ಪಾಗುವುದಕ್ಕೂ ನಡುವೆ ಅರ್ಧ ನಿಮಿಷದ ಅಂತರ ಮಾತ್ರ. ಈ ಹೊತ್ತಿನಲ್ಲಿ ಫೋನ್ ಬಂದರೆ ಒಲೆ ಆರಿಸಿ ಮಾತಾಡಿ.

ಒಲೆ ಆರಿಸಿದ ಮೇಲೆ, ಬಾಣಲೆ ಇನ್ನೂ ಬಿಸಿ ಇರುವಾಗ ಏಲಕ್ಕಿ ಹಾಕಿ ಒಮ್ಮೆ ತಿರುಗಿಸಿ ತೆಗೆಯಿರಿ. ಅರಿಶಿನ ಪುಡಿಯನ್ನು ಹುರಿಯುವುದೇ ಬೇಡ.

ಎಚ್ಚರಿಕೆಯ ಗುರುತು: ಬಾಣಲೆಯಿಂದ ಬಿಳಿ ಹೊಗೆ ಎದ್ದರೆ ಆ ಸಾಮಗ್ರಿ ಮುಗಿಯಿತು. ಅದೊಂದನ್ನೇ ಎಸೆದು ಬಾಣಲೆ ಒರೆಸಿ ಮತ್ತೆ ಹುರಿಯಿರಿ. ಬೇರೆಬೇರೆಯಾಗಿ ಹುರಿಯುವುದರ ದೊಡ್ಡ ಲಾಭವೇ ಇದು, ಮೆಂತ್ಯ ಸೀದರೆ ಕಳೆದುಕೊಳ್ಳುವುದು ಐದು ಗ್ರಾಂ ಮಾತ್ರ.

## ಹಂತ 4: ಆರಿಸುವುದು, ಪುಡಿ ಮಾಡುವುದು

ಹುರಿದದ್ದನ್ನೆಲ್ಲ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಪೂರ್ತಿ ತಣಿಯಲು ಬಿಡಿ. ಕೈಯಿಟ್ಟರೆ ತಣ್ಣಗೆ ಎನಿಸಬೇಕು. ಕನಿಷ್ಠ ಮುಕ್ಕಾಲು ಗಂಟೆ. ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದರೆ ಮುಚ್ಚಳದ ಒಳಗೆ ಹಬೆ ನೀರಾಗಿ ಕೂರುತ್ತದೆ, ಆ ಹನಿ ಪುಡಿಗೆ ಬೀಳುತ್ತದೆ, ಮೂರು ವಾರದ ನಂತರ ಬೂಷ್ಟಾಗಿ ಮೇಲೇಳುತ್ತದೆ. ನಾನು ಕಳೆದುಕೊಂಡ ಮೊದಲ ಬಾಟಲಿಯ ಕಥೆ ಇಷ್ಟೇ. ಮಳೆ ನೋಡುತ್ತಾ ಅವಸರಪಟ್ಟಿದ್ದೆ. ಮೇಲಿನ ಎರಡು ಬೆರಳಿನಷ್ಟು ಪುಡಿ ಚೆನ್ನಾಗಿಯೇ ಇತ್ತು; ಚಮಚ ತಳಕ್ಕೆ ಇಳಿದಾಗ ಬೂದು ಬಣ್ಣದ ಗಟ್ಟಿ ಬಿಲ್ಲೆ ಸಿಕ್ಕಿತು. ಅಲ್ಲಿಯವರೆಗೆ ಕುಡಿದದ್ದೂ ಅದೇ ಬಾಟಲಿಯದ್ದು ಎಂಬ ನೆನಪು ಹಿತವಾದದ್ದಲ್ಲ.

ಮಿಕ್ಸಿಯನ್ನು ಬಿಟ್ಟುಬಿಟ್ಟು ಹತ್ತು ಹತ್ತು ಸೆಕೆಂಡ್ ಓಡಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಸುವಾಸನೆಯ ಎಣ್ಣೆ ಅಡಿಗೆಮನೆಯ ಗಾಳಿಗೆ ಹೋಗುತ್ತದೆ. ಮನೆಯೆಲ್ಲ ಘಮಘಮಿಸಿದರೆ ಸಂತೋಷಪಡಬೇಡಿ, ಅದು ಲೋಟದಲ್ಲಿ ಇರಬೇಕಾಗಿದ್ದ ಘಮ.

ಪುಡಿ ತೀರಾ ನುಣುಪಾಗಬಾರದು, ಫಿಲ್ಟರ್ ಕಾಫಿಪುಡಿಯಷ್ಟು ತರಿಯಾಗಿರಲಿ. ಗಂಧದಂತೆ ನುಣ್ಣಗಾದರೆ ಸೋಸಿದಾಗ ಜಾಲರಿಯಿಂದ ಇಳಿದು ಲೋಟದ ತಳದಲ್ಲಿ ಕೆಸರಾಗುತ್ತದೆ. ಜರಡಿ ಹಿಡಿದು ಶುಂಠಿಯ ನಾರನ್ನು ತೆಗೆಯಿರಿ. ಈಗ ಅರಿಶಿನ ಬೆರೆಸಿ. ಬೆರೆಸಿದ ಮೇಲೆ ತಟ್ಟೆಯಲ್ಲಿ ಮತ್ತೆ ಕಾಲು ಗಂಟೆ ಹರಡಿ, ಮಿಕ್ಸಿಯ ಬಿಸಿ ಇಳಿಯಲಿ.

## ಹಂತ 5: ತುಂಬಿಡುವುದು

ಬಾಟಲಿಗಳನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಿ. ಒಂದು ದೊಡ್ಡದು, ಒಂದು ಸಣ್ಣದು. ಮುಕ್ಕಾಲು ಪಾಲು ದೊಡ್ಡದಕ್ಕೆ ತುಂಬಿ ಕಪಾಟಿನಲ್ಲಿಡಿ. ವಾರಕ್ಕೊಮ್ಮೆ ಮಾತ್ರ ಅದನ್ನು ತೆರೆಯುವುದು. ದಿನದ ಬಳಕೆಗೆ ಸಣ್ಣದು. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಹಿಡಿದು ಪುಡಿ ಸುರಿಯುವ ಅಭ್ಯಾಸ ಎಲ್ಲರಿಗೂ ಇದೆ, ಹಬೆ ನೇರ ಬಾಟಲಿಗೆ ಹೋಗುತ್ತದೆ. ಸಣ್ಣದು ಕೆಟ್ಟರೂ ದೊಡ್ಡದು ಉಳಿಯುತ್ತದೆ.

ಒಲೆಯ ಮೇಲಿನ ಗೂಡು ಬಾಟಲಿಗೆ ಜಾಗವಲ್ಲ. ಒಣ ಚಮಚವನ್ನು ಬಾಟಲಿಯ ಪಕ್ಕದಲ್ಲೇ ಬೇರೆ ಇಡಿ. ಮುಚ್ಚಳದ ಮೇಲೆ ಮಾಡಿದ ದಿನಾಂಕ, ಬಾಟಲಿಗೆ ಹಚ್ಚಿದ ಚೀಟಿಯಲ್ಲಿ ಒಳಗಿರುವ ಸಾಮಗ್ರಿಗಳ ಹೆಸರು ಬರೆಯಿರಿ. ಎರಡು ತಿಂಗಳೊಳಗೆ ಮುಗಿಸಿ. ಮುಗ್ಗಲು ವಾಸನೆ, ಬಿಡಿಸಲಾಗದ ಗಂಟು, ಜಾಲದಂತಹ ಎಳೆ, ಈ ಮೂರರಲ್ಲಿ ಒಂದು ಕಂಡರೂ ಇಡೀ ಬಾಟಲಿ ಗೊಬ್ಬರದ ಗುಂಡಿಗೆ. ಮತ್ತೆ ಹುರಿದರೆ ಸರಿಹೋಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಬೂಷ್ಟು ಬಿಟ್ಟ ವಿಷ ಹುರಿದ ಮಾತ್ರಕ್ಕೆ ಹೋಗುವುದಿಲ್ಲ.

## ಹಂತ 6: ಕುದಿಸುವ ಕ್ರಮ

ಒಬ್ಬರಿಗೆ: ನೀರು ಒಂದೂಕಾಲು ಲೋಟ, ಪುಡಿ ಒಂದು ಸಣ್ಣ ಚಮಚ, ಬೆಲ್ಲ ಅಡಿಕೆ ಗಾತ್ರದ್ದು, ಬೇಕಾದರೆ ಕಾಲು ಲೋಟ ಹಾಲು.

ತಣ್ಣೀರಿಗೇ ಪುಡಿ ಹಾಕಿ ಕದಡಿ, ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಮೇಲೆ ಗಂಟು ತೇಲುತ್ತದೆ, ಉಕ್ಕಿ ಒಲೆಗೆ ಬೀಳುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಐದು ನಿಮಿಷ. ಹದಿನೈದು ನಿಮಿಷ ಕುದಿಸಿ ಕಾಲು ಭಾಗಕ್ಕೆ ಇಳಿಸುವವರಿದ್ದಾರೆ. ಅದು ಔಷಧಿಯ ಬೇರು, ತೊಗಟೆಗಳಿಗೆ ಹೇಳಿದ ಕ್ರಮ. ಹುರಿದು ಪುಡಿ ಮಾಡಿದ ಸಾಂಬಾರ ಪದಾರ್ಥಕ್ಕೆ ಅಷ್ಟು ಕುದಿ ಕೊಟ್ಟರೆ ಉಳಿಯುವುದು ಒಗರು ಮತ್ತು ಖಾರ ಮಾತ್ರ.

ತುಳಸಿ ಹಾಕುವುದಾದರೆ ಐದಾರು ಎಲೆ, ಒಲೆ ಆರಿಸುವ ಒಂದು ನಿಮಿಷ ಮೊದಲು. ಹಾಕಿ ಮುಚ್ಚಿ. ತೆರೆದ ಪಾತ್ರೆಯಲ್ಲಿ ತುಳಸಿಯ ಘಮ ನಿಲ್ಲುವುದಿಲ್ಲ.

ಇನ್ನು ಹಾಲಿನ ವಿಚಾರ, ಅತಿ ಹೆಚ್ಚು ದೂರು ಬರುವ ಜಾಗ. ಬೆಲ್ಲ ತುಸು ಆಮ್ಲೀಯ. ಬೆಲ್ಲ ಮತ್ತು ಹಾಲು ಒಟ್ಟಿಗೆ ಕುದಿದರೆ ಹಾಲು ಒಡೆಯುತ್ತದೆ. ಹಾಲು ಬೆಳಗಿನದ್ದಾಗಿದ್ದು ಸಂಜೆ ಮಾಡುತ್ತಿದ್ದರೆ ಇನ್ನೂ ಬೇಗ. ಆದ್ದರಿಂದ ಬೆಲ್ಲವನ್ನು ನೀರಿನ ಹಂತದಲ್ಲೇ ಹಾಕಿ ಕರಗಿಸಿ. ಒಲೆ ಆರಿಸಿ. ಸೋಸಿ, ಬೆಲ್ಲದ ಕಸವೂ ಇಲ್ಲೇ ಹೋಗುತ್ತದೆ. ಒಂದು ನಿಮಿಷ ಬಿಟ್ಟು, ಬೇರೆ ಪಾತ್ರೆಯಲ್ಲಿ ಕಾಯಿಸಿಟ್ಟ ಬಿಸಿ ಹಾಲನ್ನು ಲೋಟಕ್ಕೆ ಹಾಕಿ. ಬೆರೆಸಿದ ಮೇಲೆ ಮತ್ತೆ ಒಲೆಗೆ ಇಡುವ ಹಾಗಿಲ್ಲ. ಫ್ರಿಜ್ಜಿನ ತಣ್ಣನೆ ಹಾಲು ಸುರಿದರೆ ಕಷಾಯ ಉಗುರುಬೆಚ್ಚಗಾಗುತ್ತದೆ, ಬಿಸಿ ಮಾಡಲು ಮತ್ತೆ ಒಲೆಗೆ ಇಡುತ್ತೀರಿ, ಆಗ ಒಡೆಯುತ್ತದೆ. ದೂರಿನ ಮೂಲ ಹೆಚ್ಚಾಗಿ ಇದೇ.

ಹಸಿಶುಂಠಿ ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಹಸಿಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿದೆ. ಶುಂಠಿ ನೀರಿನಲ್ಲಿ ಚೆನ್ನಾಗಿ ನಾಲ್ಕೈದು ನಿಮಿಷ ಕುದಿದರೆ ಅದು ನಿಷ್ಕ್ರಿಯವಾಗುತ್ತದೆ. ಕೊನೆಯಲ್ಲಿ ಶುಂಠಿ ತುರಿದು ಹಿಂಡಿದರೆ ಬೆಲ್ಲವಿಲ್ಲದಿದ್ದರೂ ಹಾಲು ಕೆಡುತ್ತದೆ.

ಲೋಟದ ಅಂಚಿನಲ್ಲಿ ರವೆಯಂತಹ ಸಣ್ಣ ಕಣ ಕಂಡರೆ ಒಡೆಯಲು ಶುರುವಾಗಿದೆ ಎಂದರ್ಥ. ಕುಡಿದರೆ ಅಪಾಯವಿಲ್ಲ, ಸೋಸಿ ಕುಡಿಯಬಹುದು. ಮುಂದಿನ ಸಲ ಬೆಲ್ಲವನ್ನು ಇನ್ನೂ ಮೊದಲು ಹಾಕಿ.

ಜೇನುತುಪ್ಪ ಹಾಕುವವರು ಬೆಲ್ಲ ಬಿಟ್ಟು, ಕಷಾಯ ಕುಡಿಯುವ ಬಿಸಿಗೆ ಇಳಿದ ಮೇಲೆ ಹಾಕಿ. ನಿಂಬೆರಸ ಹಾಕುವ ದಿನ ಹಾಲು ಬೇಡ. ನಿಂಬೆ, ನೆಲ್ಲಿ, ಹುಣಸೆಯಂತಹ ಹುಳಿಯನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕುದಿಸಬಾರದು. ಲೋಹ ಬಿಟ್ಟುಕೊಂಡು ವಾಂತಿಯಾಗುತ್ತದೆ.

## ಹಂತ 7: ಎಷ್ಟು, ಯಾವಾಗ

ದಿನಕ್ಕೆ ಒಂದು ಲೋಟ. ನೆಗಡಿ ಹಿಡಿದ ದಿನ ಎರಡು. 2020ರಲ್ಲಿ ಆಯುಷ್ ಸಚಿವಾಲಯ ಪ್ರಚಾರ ಮಾಡಿದ ಕ್ವಾಥದ, ಅಂದರೆ ಕಷಾಯದ, ಪುಡಿಯಲ್ಲಿ ತುಳಸಿ 4 ಭಾಗ, ದಾಲ್ಚಿನ್ನಿ 2, ಶುಂಠಿ 2, ಕಾಳುಮೆಣಸು 1 ಭಾಗ ಇತ್ತು. ಪ್ರಮಾಣ 3 ಗ್ರಾಂ ಪುಡಿ, 150 ಮಿಲಿಲೀಟರ್ ನೀರು, ದಿನಕ್ಕೆ ಒಂದೆರಡು ಬಾರಿ. ಆ ಕೊನೆಯ ಸಾಲನ್ನು ಓದಿದವರು ಕಡಿಮೆ. ನಮ್ಮ ಮನೆಯಲ್ಲೇ ಆ ಬೇಸಿಗೆಯಲ್ಲಿ ಹೊತ್ತು ಹೊತ್ತಿಗೆ ಕುಡಿದು ಬಾಯಿಹುಣ್ಣು ಮಾಡಿಕೊಂಡವರಿದ್ದರು.

ಖಾಲಿ ಹೊಟ್ಟೆ ಬೇಡ. ಬೆಳಗಿನ ತಿಂಡಿಯ ನಂತರ ಅಥವಾ ಸಂಜೆ ನಾಲ್ಕರ ಹೊತ್ತಿಗೆ ಸರಿ. ಎದೆಯುರಿ ಶುರುವಾದರೆ ಎರಡು ದಿನ ನಿಲ್ಲಿಸಿ, ಮತ್ತೆ ಶುರು ಮಾಡುವಾಗ ಮೆಣಸು ಅರ್ಧ.

## ಹಂತ 8: ದೊಡ್ಡಪತ್ರೆ ತಂಬುಳಿ

ಕಷಾಯದ ಜೊತೆಗೆ, ಶೀತದ ದಿನಗಳಲ್ಲಿ ಅನ್ನಕ್ಕೆ ಕಲಸಿಕೊಳ್ಳಲು ಇದೊಂದು. ಬಾಲ್ಕನಿಯ ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೆ ಸಾಕು, ದೊಡ್ಡಪತ್ರೆ ತಾನೇ ಬೆಳೆಯುತ್ತದೆ. ಬೇರಿಗೆ ನೀರು ನಿಲ್ಲಬಾರದು ಅಷ್ಟೇ.

ಬಲಿತ 10–12 ಎಲೆ ತೊಳೆದು ಒರೆಸಿ ಚೂರು ಮಾಡಿ. ಸಣ್ಣ ಬಾಣಲೆಗೆ ಅರ್ಧ ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು. ಸಿಡಿದ ಮೇಲೆ ಎಲೆ. ಎಲೆ ಬಾಡಿ ನೀರು ಬಿಟ್ಟು ಆ ನೀರು ಇಂಗುವವರೆಗೆ ಬಾಡಿಸಿ. ಅರೆಬೆಂದ ಎಲೆಯ ತಂಬುಳಿ ನಾಲಿಗೆಗೆ ಚುರುಗುಟ್ಟುತ್ತದೆ. ಮಕ್ಕಳು ಉಗಿಯುವುದು ಆ ಕಾರಣಕ್ಕೆ.

ಪೂರ್ತಿ ಆರಿದ ಮೇಲೆ ಕಾಲು ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ. ಇಲ್ಲಿ ತರಿ ಬೇಡ. ಒಂದು ಬಟ್ಟಲು ಗಟ್ಟಿ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡಿ. ತಂಬುಳಿಯನ್ನು ಕುದಿಸುವುದಿಲ್ಲ. ಬಿಸಿ ಅನ್ನಕ್ಕೆ ಕಲಸಿದರೆ ತಾನೇ ಬೆಚ್ಚಗಾಗುತ್ತದೆ.

"ನೆಗಡಿಗೆ ಮಜ್ಜಿಗೆಯೇ?" ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಮಜ್ಜಿಗೆಯಿಂದ ನೆಗಡಿ ಬರುವುದಿಲ್ಲ. ಗಂಟಲು ನೋಯುತ್ತಿರುವಾಗ ಫ್ರಿಜ್ಜಿನಿಂದ ತೆಗೆದದ್ದನ್ನು ಬಳಸಬೇಡಿ, ಹುಳಿ ಏರಿದ್ದನ್ನೂ ಬಳಸಬೇಡಿ.

## ಹಂತ 9: ನೆಲ್ಲಿಕಾಯಿ ಮತ್ತು ದಿನದ ಊಟ

ಬೆಟ್ಟದ ನೆಲ್ಲಿಕಾಯಿ ನವೆಂಬರಿನಿಂದ ಫೆಬ್ರುವರಿಯವರೆಗೆ ಸಂತೆಗೆ ಬರುತ್ತದೆ. ದಿನಕ್ಕೆ ಒಂದು ಸಾಕು. ಹಸಿಯಾಗಿ, ಉಪ್ಪು ಹಚ್ಚಿ, ಅಥವಾ ತುರಿದು ಹಸಿ ಚಟ್ನಿಯಾಗಿ. ಸಕ್ಕರೆ ಪಾಕದಲ್ಲಿ ಕುದಿಸಿ ಅದ್ದಿದ್ದು ಸಿಹಿತಿಂಡಿ, ಅದನ್ನು ಹಾಗೆಯೇ ತಿನ್ನಿ, ಔಷಧಿ ಎಂದಲ್ಲ. ಸಿ ವಿಟಮಿನ್ ಬಿಸಿಗೆ ನಾಶವಾಗುತ್ತದೆ, ಆದ್ದರಿಂದ ಕಷಾಯಕ್ಕೆ ನೆಲ್ಲಿ ಹಾಕಿ ಕುದಿಸುವುದರಲ್ಲಿ ಅರ್ಥ ಕಡಿಮೆ. ನೆಲ್ಲಿ ಸಿಗದ ಮಳೆಗಾಲಕ್ಕೆ ಸೀಬೆಹಣ್ಣು ಇದೆ. ಅದರಲ್ಲೂ ಸಿ ವಿಟಮಿನ್ ಕಿತ್ತಳೆಗಿಂತ ಬಹಳ ಹೆಚ್ಚು.

ಇದರಿಂದ ಎಷ್ಟು ಲಾಭ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ದಿನವೂ 200 ಮಿಲಿಗ್ರಾಂ ಅಥವಾ ಹೆಚ್ಚು ಸಿ ವಿಟಮಿನ್ ತೆಗೆದುಕೊಂಡವರಿಗೂ ನೆಗಡಿ ಬರುವುದು ತಪ್ಪಲಿಲ್ಲ. ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ಶೇಕಡಾ 8ರಷ್ಟು, ಮಕ್ಕಳಲ್ಲಿ ಶೇಕಡಾ 14ರಷ್ಟು ತಗ್ಗಿತು. ಏಳು ದಿನದ ನೆಗಡಿಯಲ್ಲಿ ದೊಡ್ಡವರಿಗೆ ಉಳಿಯುವುದು ಅರ್ಧ ದಿನ. ಮೂಗು ಸೋರಲು ಶುರುವಾದ ಮೇಲೆ ಮಾತ್ರೆ ನುಂಗಿದವರಿಗೆ ಅದೂ ಖಚಿತವಾಗಿ ಸಿಗಲಿಲ್ಲ. ಹಾಗಾಗಿ ನೆಲ್ಲಿ ತಿನ್ನುವುದಾದರೆ ಇಡೀ ಋತು ತಿನ್ನಿ.

ತಟ್ಟೆಯಲ್ಲಿ ಬೇಳೆ, ಕಾಳು, ಮೊಟ್ಟೆ, ಸೊಪ್ಪು ಇಲ್ಲದೆ ಲೋಟದಲ್ಲಿ ಮಾತ್ರ ಕಷಾಯವಿದ್ದರೆ ನಾನು ಹೇಳಿದ್ದೆಲ್ಲ ವ್ಯರ್ಥ. ಚಳಿಗಾಲದಲ್ಲಿ ಹುರುಳಿಕಟ್ಟಿನ ಸಾರು, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ನಮ್ಮ ಅಡಿಗೆಯಲ್ಲಿ ಮೊದಲೇ ಇವೆ. ಜ್ವರದ ಬಾಯಿಗೆ ಗಂಜಿ ಮತ್ತು ಮೆಣಸಿನ ಸಾರು. ಮೆಣಸು ಜೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಮೇಲೆ ಸಾರು ಒಂದೇ ಕುದಿ ಬರಬೇಕು, ಹೆಚ್ಚು ಕುದಿದರೆ ಕಹಿ.

## ಹಂತ 10: ಯಾರಿಗೆ ಬೇಡ, ಯಾವುದು ಬೇಡ

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಜೇನಿನಲ್ಲಿರಬಹುದಾದ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುತ್ತವೆ. ದೊಡ್ಡಪತ್ರೆ ರಸವನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವ ಅಜ್ಜಿಯರಿಗೆ ಇದನ್ನು ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಬೇಕು. ವರ್ಷ ದಾಟಿದ ಮಕ್ಕಳಿಗೆ ರಾತ್ರಿಯ ಕೆಮ್ಮಿಗೆ ಅರ್ಧ ಚಮಚ ಜೇನು ನಿಜಕ್ಕೂ ಹಿತ.

ರಕ್ತದೊತ್ತಡ ಇರುವವರು ಜೇಷ್ಠಮಧುವಿನಿಂದ ದೂರವಿರಿ; ಅದು ಒತ್ತಡ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು ಅಡಿಗೆಗೆ ಹಾಕುವ ಪ್ರಮಾಣ ಮೀರಬೇಡಿ, ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಬೇಲಿಯಿಂದ ಕಿತ್ತು ತಂದದ್ದನ್ನು ಗುರುತು ಖಚಿತವಿಲ್ಲದೆ ಕುದಿಸಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಆರು ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾರು ಸರಿ ಎಂದು ನಾವು ತೀರ್ಮಾನಿಸಬೇಕಿಲ್ಲ. ಎರಡೂ ಮಾತು ಸೇರಿದರೆ ನಮಗೆ ಬೇಕಾದ ಉತ್ತರ ಸಿಗುತ್ತದೆ: ತಿಂಗಳುಗಟ್ಟಲೆ ಕುಡಿಯಬೇಡಿ, ತಿಳಿಯದ ಬಳ್ಳಿ ಮುಟ್ಟಬೇಡಿ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿಯುವಾಗಲೂ ಮರದ ಗುರುತು ಬಲ್ಲವರೇ ಕತ್ತಲಲ್ಲಿ ಹೋಗಿ ತರುವುದು. ವಿಷದ ಕಾಸರಕನ ಮರವೂ ಅದೇ ಕಾಡಿನಲ್ಲಿದೆ.

## ಹಂತ 11: ಪಾತ್ರೆ ಕೆಳಗಿಟ್ಟು ಆಸ್ಪತ್ರೆಗೆ ಹೊರಡುವ ಹೊತ್ತು

ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ: ಉಸಿರಾಟಕ್ಕೆ ಕಷ್ಟ, ಎದೆನೋವು, ಮೂರು ದಿನ ದಾಟಿದ ಜ್ವರ, ವಾಸಿಯಾಗುತ್ತಿದ್ದದ್ದು ಮತ್ತೆ ಜೋರಾಗುವುದು, ಮಂಪರು. ಮಗು ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ ರಾತ್ರಿಯಾದರೂ ಹೊರಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಇದ್ದರೆ ಬೇಗ ತಿಳಿಯಲಿ.

ಮೂಗು ಸೋರದೆ, ಕೆಮ್ಮಿಲ್ಲದೆ, ಬರೀ ಜೋರು ಜ್ವರ ಮತ್ತು ಮೈಕೈ ನೋವು ಬಂದರೆ ಅದನ್ನು ಶೀತ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಡೆಂಗಿ ಇರುತ್ತದೆ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಈ ಜ್ವರ ಉಣ್ಣಿಯಿಂದ ಬರುತ್ತದೆ. ತೋಟ, ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಗಲಿ.

ಹೋಗುವಾಗ ಬಾಟಲಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. "ಏನೇನು ಕುಡಿದಿದ್ದೀರಿ?" ಎಂದು ವೈದ್ಯರು ಕೇಳಿದಾಗ "ಏನೋ ಮನೆಮದ್ದು" ಎನ್ನುವ ಬದಲು ಅದನ್ನು ತೋರಿಸಿ.